ಮತ್ತು ತಂಡ

ಮುಂದಿನ ತಿಂಗಳು ಇಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಕನ್ನಡಿಗರ ಸಂಘವೊಂದು ಭಾವಗೀತೆಗಳ ಸಂಜೆಯನ್ನು ಇಟ್ಟುಕೊಂಡಿದೆ. ಗಾಯಕಿ ಬೆಂಗಳೂರಿನಿಂದ ಬರುತ್ತಾರೆ, ಪಕ್ಕವಾದ್ಯಕ್ಕೆ ಇಲ್ಲಿಯವರೇ. ಕೀಬೋರ್ಡ್‌ಗೆ ನನ್ನ ಮಗಳು. ವಾಟ್ಸ್‌ಆ್ಯಪ್‌ನಲ್ಲಿ ಆಮಂತ್ರಣ ಬಂತು: ಗಾಯಕಿಯ ದೊಡ್ಡ ಭಾವಚಿತ್ರ, ಹೆಸರಿನ ಹಿಂದೆ ಎರಡು ಬಿರುದು, ಪ್ರಾಯೋಜಕರಾದ ಮನೆ ಮಾರಾಟದ ಏಜೆಂಟರ ನಗುಮುಖ, ಊಟಕ್ಕೆ ಬಿಸಿಬೇಳೆಭಾತ್ ಎಂಬ ಆಶ್ವಾಸನೆ. ಗಾಯಕಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮತ್ತು ತಂಡ’. ಅಕ್ಷರ ಕೂಡಿಸಿಕೊಂಡು ಕನ್ನಡ ಓದುವ ಮಗಳು ಎಲ್ಲವನ್ನೂ ಓದಿ ಮುಗಿಸಿ, “ಅಮ್ಮಾ, ಬಿಸಿಬೇಳೆಭಾತಿಗೂ ಹೆಸರಿದೆ, ನನಗಿಲ್ಲವಲ್ಲ” ಎಂದಳು.

ಆಗ ನಕ್ಕುಬಿಟ್ಟೆ. ರಾತ್ರಿ ಪಾತ್ರೆ ತೊಳೆಯುವಾಗ ಆ ಮಾತು ಚುಚ್ಚತೊಡಗಿತು.

ಅವಳು ದೂರನ್ನು ಪಕ್ಕದ ಮನೆಗೂ ಒಯ್ದಳು. ಅಲ್ಲಿರುವವರು ಒಂದು ಕಾಲಕ್ಕೆ ಹೋಟೆಲುಗಳಲ್ಲಿ, ಮದುವೆಗಳಲ್ಲಿ ಹಾಡುಗಾರರಿಗೆ ಪಿಯಾನೋ ನುಡಿಸಿ ಬದುಕಿದವರು. ನಾವು ನಮ್ಮನಮ್ಮಲ್ಲಿ ಅವರನ್ನು ಪಿಯಾನೋ ಅಜ್ಜ ಎನ್ನುತ್ತೇವೆ. ಅವರಿಗೆ ಅದು ಗೊತ್ತಿಲ್ಲ. ಅಜ್ಜ ಸಮಾಧಾನವನ್ನೇನೂ ಹೇಳದೆ ಒಂದು ಹಳೆಯ ಎಲ್‌ಪಿಯನ್ನು ಹೊರತೆಗೆದರು. ಅದರ ಹೆಸರೇ ‘ದಿ ಟೋನಿ ಬೆನೆಟ್/ಬಿಲ್ ಎವನ್ಸ್ ಆಲ್ಬಂ’. ಬೆನೆಟ್ ಹಾಡಿದವರು, ಎವನ್ಸ್ ಪಿಯಾನೋ ನುಡಿಸಿದವರು, ಇಬ್ಬರೂ ಅಮೆರಿಕದ ಜಾಝ್ ಲೋಕದವರು. ಹೆಸರುಗಳ ನಡುವೆ ಒಂದು ಓರೆಗೀಟು, ಅಷ್ಟೇ. 1975ರ ಜೂನ್‌ನಲ್ಲಿ ನಾಲ್ಕು ದಿನ ಕೂತು ಮುದ್ರಿಸಿದ ಒಂಬತ್ತು ಹಾಡುಗಳು. ಮುದ್ರಿಸಿದ್ದು ಇಲ್ಲೇ, ಬರ್ಕ್ಲಿಯ ಫ್ಯಾಂಟಸಿ ಸ್ಟುಡಿಯೋದಲ್ಲಿ. ಆ ಸ್ಟುಡಿಯೋ 2018ರಲ್ಲಿ ಮುಚ್ಚಿತು. ಅದರ ಸಮೀಪದ ರಸ್ತೆಗಳಲ್ಲಿ ಎಷ್ಟೋ ಸಲ ಕಾರು ನಿಲ್ಲಿಸಿದ್ದೇನೆ. ಅಂಥದ್ದೊಂದು ಅಲ್ಲಿತ್ತೆಂದು ಯಾರೂ ಹೇಳಿರಲಿಲ್ಲ.

ಬೆನೆಟ್ ದೊಡ್ಡ ವಾದ್ಯವೃಂದಗಳ ಮುಂದೆ ನಿಂತು ಹಾಡಿ ಹೆಸರು ಮಾಡಿದವರು. ಎವನ್ಸ್ ಅವರಿಗೆ ಡಬಲ್ ಬೇಸ್ ಮತ್ತು ಡ್ರಮ್ ಜೊತೆಗಿನ ಮೂವರ ಮೇಳವೇ ಮನೆ. ಇಬ್ಬರೂ ಅದನ್ನೆಲ್ಲ ಹೊರಗಿಟ್ಟು ಬಂದಿದ್ದರು. ತಾಳ ಹಿಡಿಯುವವರಿಲ್ಲ, ಶ್ರುತಿಗೆ ತಂಬೂರಿಯಿಲ್ಲ, ತಪ್ಪಿದರೆ ಮುಚ್ಚಿಕೊಳ್ಳಲು ಪಿಟೀಲುಗಳ ಗುಂಪಿಲ್ಲ.

ಮಗಳು ಎರಡು ಹಾಡು ಕೇಳಿ, “ಪಿಯಾನೋದವರು ಹಾಡುವವರಿಗೆ ಸಹಾಯವನ್ನೇ ಮಾಡುತ್ತಿಲ್ಲವಲ್ಲ!” ಎಂದಳು. ಅಜ್ಜನಿಗೆ ಎಂಥ ಖುಷಿ! ಕುರ್ಚಿಯಿಂದ ಎದ್ದೇಬಿಟ್ಟರು.

ಅವಳ ಗೊಂದಲ ನನಗೆ ಅರ್ಥವಾಯಿತು. ನಮ್ಮಲ್ಲಿ ಹಾರ್ಮೋನಿಯಂ ಆಗಲಿ ಪಿಟೀಲಾಗಲಿ ಹಾಡುವವರ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಬರುತ್ತದೆ; ಅವರು ಏರಿದಲ್ಲಿ ಏರಿ, ಇಳಿದಲ್ಲಿ ಇಳಿಯುತ್ತದೆ. ಎವನ್ಸ್ ಹಾಡಿನ ಧಾಟಿಯನ್ನು ಬೆನೆಟ್‌ಗೇ ಬಿಟ್ಟುಬಿಡುತ್ತಾರೆ. ಒಂದು ಸ್ವರಗುಚ್ಛವನ್ನು ಇಟ್ಟು ಕೈ ತೆಗೆಯುತ್ತಾರೆ. ಹಾಡಿನ ಸಾಲು ಅದೇ, ಅದರ ಕೆಳಗಿನ ನೆಲ ಮಾತ್ರ ಬದಲಾಗಿರುತ್ತದೆ. ಆಗ ಬೆನೆಟ್‌ಗೆ ಅದೇ ಸಾಲನ್ನು ಬೇರೆ ತೂಕದಲ್ಲಿ ಹಾಡದೆ ವಿಧಿಯಿಲ್ಲ. ಅವರ ದನಿ ಅಲ್ಲಲ್ಲಿ ಒರಟಾಗಿದೆ, ಉಸಿರು ಕೇಳಿಸುತ್ತದೆ. ಇದರಲ್ಲಿರುವ ‘ವಾಲ್ಟ್ಜ್ ಫಾರ್ ಡೆಬಿ’ಯನ್ನು ಎವನ್ಸ್ ತಮ್ಮ ಅಣ್ಣನ ಪುಟ್ಟ ಮಗಳಿಗಾಗಿ ಕಟ್ಟಿದ್ದರು, 1956ರಲ್ಲೇ ತಮ್ಮ ಮೊದಲ ಆಲ್ಬಂನಲ್ಲಿ ನುಡಿಸಿದ್ದರು. ಮಾತುಗಳನ್ನು ಬರೆದವರು ಜೀನ್ ಲೀಸ್. ಹುಡುಗಿ ಒಂದು ದಿನ ದೊಡ್ಡವಳಾಗಿ ಗೊಂಬೆಗಳನ್ನು ಬಿಟ್ಟು ಹೋಗುತ್ತಾಳೆ ಎಂಬ ಅರ್ಥದ ಹಾಡು. ಮಗಳು ಎದುರಿಗೇ ಕೂತಿದ್ದರಿಂದ ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಇವರನ್ನು ನೋಡಿ ಕಲಿಯಿರಿ ಎಂದು ಊರಿನವರಿಗೆ ಬರೆಯಬೇಕೆಂದುಕೊಂಡಿದ್ದೆ. ಅಜ್ಜ ಬಿಡಲಿಲ್ಲ. ಬೆನೆಟ್ ಅವರ ಹೆಸರಾಂತ ‘ಐ ಲೆಫ್ಟ್ ಮೈ ಹಾರ್ಟ್ ಇನ್ ಸ್ಯಾನ್ ಫ್ರಾನ್ಸಿಸ್ಕೋ’ ಹಾಡನ್ನು ಹುಡುಕಿ ಕೊಟ್ಟವರು ಯಾರು ಗೊತ್ತೇ ಎಂದು ಕೇಳಿದರು. ರಾಲ್ಫ್ ಶರನ್, ಬೆನೆಟ್‌ಗೆ ದಶಕಗಳ ಕಾಲ ಪಿಯಾನೋ ನುಡಿಸಿದವರು. ಅಂಗಿಗಳ ಡ್ರಾಯರ್‌ನಲ್ಲಿ ಎಂದೋ ಇಟ್ಟು ಮರೆತಿದ್ದ ಆ ಹಾಡಿನ ಹಾಳೆ ಪ್ರವಾಸಕ್ಕೆ ಬಟ್ಟೆ ತುಂಬಿಕೊಳ್ಳುವಾಗ ಅವರ ಕೈಗೆ ಸಿಕ್ಕಿತಂತೆ. ಬೆನೆಟ್ 1961ರಲ್ಲಿ ಅದನ್ನು ಹಾಡಿದ, ಸ್ಯಾನ್ ಫ್ರಾನ್ಸಿಸ್ಕೋದ ಫೇರ್‌ಮಾಂಟ್ ಹೋಟೆಲಿನ ಮುಂದೆ ಇಂದು ಅವರ ಪ್ರತಿಮೆಯಿದೆ, ತೋಳು ಚಾಚಿಕೊಂಡು. ಪಕ್ಕದಲ್ಲಿ ಪಿಯಾನೋ ಇಲ್ಲ. 1950ರಲ್ಲಿ ಗಾಯಕಿ ಎಲಾ ಫಿಟ್ಸ್‌ಜೆರಾಲ್ಡ್ ಸಂಗೀತ ಸಂಯೋಜಕ ಗರ್ಶ್ವಿನ್ ಅವರ ಹಾಡುಗಳನ್ನು ಎಲಿಸ್ ಲಾರ್ಕಿನ್ಸ್ ಒಬ್ಬರ ಪಿಯಾನೋದೊಂದಿಗೆ ಹಾಡಿದರು. ಅದಕ್ಕಿಂತ ಮೃದುವಾದ ಪಿಯಾನೋವನ್ನು ನಾನು ಕೇಳಿಲ್ಲ. ಆಲ್ಬಂನ ಶೀರ್ಷಿಕೆಯಲ್ಲಿ ಇರುವುದು ಎಲಾ ಮತ್ತು ಗರ್ಶ್ವಿನ್ ಮಾತ್ರ. ಓರೆಗೀಟಿನ ಭಾಗ್ಯ ಇಲ್ಲಿಯೂ ಎಲ್ಲರಿಗಿಲ್ಲ ಎಂದಾಯಿತು. ಬಿಲ್ ಎವನ್ಸ್ ಆಗಿದ್ದರೆ ಸಿಗುತ್ತದೆ.

ಆದರೂ ನನ್ನ ಸಿಟ್ಟು ಊರಿನ ಮೇಲೆಯೇ. ಹುಬ್ಬಳ್ಳಿಯಲ್ಲಿ ಬೆಳೆದವಳಿಗೆ ಗಂಗೂಬಾಯಿ ಹಾನಗಲ್ ಎಂದರೆ ಮೈ ನವಿರೇಳುತ್ತದೆ. ಜೊತೆಗೆ ಅವರ ಹಿಂದೆ ಕೂತ ಮಗಳು ಕೃಷ್ಣಾ ಕೂಡ ಕಣ್ಣ ಮುಂದೆ ಬರುತ್ತಾರೆ. ತಾಯಿ ಬಿಟ್ಟ ಜಾಗದಲ್ಲಿ ಸ್ವರ ಹಿಡಿದು, ತಾಯಿ ಮತ್ತೆ ಬಂದೊಡನೆ ತಾನು ಸರಿದು, ಇಡೀ ಆಯುಷ್ಯ ಹಾಗೆಯೇ ಹಾಡಿದರು. 2004ರಲ್ಲಿ ತಾಯಿಗಿಂತ ಮೊದಲೇ ಹೋದರು. ಆ ಕಂಠವನ್ನು ನಾವು ಬೇರೆಯಾಗಿ ಎಷ್ಟು ಕೇಳಿದೆವು?

ನಮ್ಮ ಮನೆಯಲ್ಲೂ ಒಬ್ಬರಿದ್ದರು. ಕಾಕಾ ಬ್ಯಾಂಕಿನಲ್ಲಿ ಗುಮಾಸ್ತರು, ಸಂಜೆ ಹಾರ್ಮೋನಿಯಂ ಸಾಥ್. ಗಾಯಕರು ಬಾಯಿ ತೆರೆದ ಕೂಡಲೇ ಅವರ ಶ್ರುತಿ ಕರಿ ಎರಡೋ ಬಿಳಿ ನಾಲ್ಕೋ ಎಂದು ಹೇಳಬಲ್ಲವರು. ಕಾರ್ಯಕ್ರಮ ಮುಗಿದ ಮೇಲೆ ಗಾಯಕರಿಗೆ ಶಾಲು, ಹಾರ, ಲಕೋಟೆ, ಕಾಕಾನಿಗೆ ತೆಂಗಿನಕಾಯಿ. ಕಾಕೂ ಅದರಿಂದ ಚಟ್ನಿ ಅರೆಯುತ್ತ, “ಇವತ್ತಿನ ಸಂಭಾವನೆ ತಿನ್ನಿ” ಎಂದು ನಮಗೆ ಬಡಿಸುತ್ತಿದ್ದರು. ಕಾಕಾ ನಗುತ್ತಿದ್ದರು. ಆ ನಗುವನ್ನು ನಾವು ವಿನಯ ಎಂದು ಕೊಂಡಾಡುತ್ತಿದ್ದೆವು, ಕೊಂಡಾಡುವುದಕ್ಕೆ ಖರ್ಚೇನಿದೆ?

ಕಳೆದ ವಾರ ತಮ್ಮನಿಗೆ ಫೋನ್ ಮಾಡಿ, ಕಾಕಾ ನುಡಿಸಿದ್ದು ಏನಾದರೂ ಉಳಿದಿದೆಯೇ ಎಂದು ಕೇಳಿದೆ. ಅಟ್ಟದಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ಚೀಟಿಯ ಚಿತ್ರವನ್ನು ಕಳಿಸಿದ. ಗಾಯಕರ ಹೆಸರು, ರಾಗ, ಊರು, ತಬಲಾದವರ ಹೆಸರು, ಎಲ್ಲ ಇದೆ. ಹಾರ್ಮೋನಿಯಂ ಎಂಬುದೇ ಇಲ್ಲ. ಕೈಬರಹ ಕಾಕಾ ಅವರದು. ಮಗಳಿಗೆ ಇನ್ನೂ ತೋರಿಸಿಲ್ಲ. ತೋರಿಸಿದರೆ ಅವಳು ಕಾಕಾನ ಮೇಲೆಯೇ ರೇಗುತ್ತಾಳೆ, ಮತ್ತು ನಾನು ಅವಳ ಪಕ್ಷವನ್ನೇ ವಹಿಸಬೇಕಾಗುತ್ತದೆ.