‘ಈಜು ಬರತೈತೇನ್ರಿ?’ ಅಂತ ಕೇಳೋದು ಬಿಟ್ಟೆ

ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಸಣ್ಣ ಟೂರ್ ಆಫೀಸು. ಹೊಟ್ಟೆಪಾಡು ನಡೆಯೋದು ಶಿರಡಿ, ಪಂಢರಪುರ, ಮಂತ್ರಾಲಯದ ಮೇಲೆ. ನಡುವೆ ವರ್ಷಕ್ಕೆ ನಾಲ್ಕೈದು ಸಲ ನೇತ್ರಾಣಿ ದ್ವೀಪಕ್ಕೆ ಸ್ನಾರ್ಕ್ಲಿಂಗ್ ತಂಡ ಒಯ್ಯುತ್ತೇನೆ. ಅಂದರೆ ಮಾಸ್ಕು ಹಾಕಿ, ಬಾಯಲ್ಲಿ ಉಸಿರಾಟದ ಕೊಳವೆ (ಸ್ನಾರ್ಕೆಲ್) ಕಚ್ಚಿ, ತೇಲುತ್ತಾ ಸಮುದ್ರದೊಳಗೆ ನೋಡೋದು. ರಾತ್ರಿ ಊಟ ಮುಗಿಸಿ ಟೆಂಪೋ ಟ್ರಾವೆಲರ್ ಹತ್ತಿದರೆ ಬೆಳಿಗ್ಗೆ ಮುರ್ಡೇಶ್ವರ, ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್. ಮಳೆಗಾಲದಲ್ಲಿ ಬಂದ್.

ಬುಕಿಂಗ್ ವೇಳೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಈಜು ಬರತೈತೇನ್ರಿ? ಉತ್ತರವೂ ಒಂದೇ: “ಬೆಂಡು ಕಟ್ಕೊಂಡು ಬಾವ್ಯಾಗ ಬೆಳದ ಮಂದಿರೀ ನಾವು.” ನಾನು ಟಿಕ್ ಹಾಕುತ್ತಿದ್ದೆ.

ಒಂದು ಸಲದ ತಂಡದಲ್ಲಿ ಬೀಳಗಿ ಕಡೆಯ ಒಬ್ಬ ಹುಡುಗನಿದ್ದ. ಬಾವಿಯ ತಳಕ್ಕೆ ಹೋಗಿ ಕಲ್ಲು ತರುವ ಗಟ್ಟಿಗ. ಅವನಿಗೆ ಗೊತ್ತಿದ್ದ ಈಜು ಅಂದರೆ ಉಸಿರು ತುಂಬು, ಬಾಯಿ ಮುಚ್ಚು, ಮುಳುಗು. ಸ್ನಾರ್ಕೆಲ್ ಕೇಳೋದು ಪೂರ್ತಿ ಉಲ್ಟಾ. ಮೂಗು ಮಾಸ್ಕಿನೊಳಗೆ ಬಂದ್, ಮುಖ ನೀರಲ್ಲಿ, ಉಸಿರು ಬಾಯಿಂದ, ಅದೂ ನಿಧಾನಕ್ಕೆ. ಅವನು ರೂಢಿಯಂತೆ ಮುಳುಗಿದ, ಕೊಳವೆಯೂ ಮುಳುಗಿತು. ಮೇಲೆ ಬಂದು ‘ಫೂ’ ಅಂತ ಊದಿ ನೀರು ಹೊರಹಾಕೋದರ ಬದಲು ಒಳಗೆಳೆದ. ಬಾಯಿ ತುಂಬ ಉಪ್ಪು. ದೊಡ್ಡ ಮೀಸೆ ಬೇರೆ, ಮಾಸ್ಕು ತುಟಿಯ ಮೇಲೆ ಕೂರದೆ ಸೋರುತ್ತಿತ್ತು. ಗಾಬರಿಯಲ್ಲಿ ಬಾವಿಯ ಮೆಟ್ಟಿಲು ಹುಡುಕುವವನ ಹಾಗೆ ಕಾಲು ಚಾಚಿದ. ಗೈಡ್ ಸೀಟಿ ಊದಿದರು: ಕೆಳಗಿದ್ದದ್ದು ಹವಳ. ನೋಡೋಕೆ ಕಲ್ಲು, ಮೇಲಿನ ತೆಳು ಪದರ ಪೂರ್ತಿ ಜೀವ, ಕಾಲಿಟ್ಟರೆ ಸಾಯುತ್ತದೆ. ಒಂದು ತುಂಡು ಕಿತ್ತು ಜೇಬಿಗಿಳಿಸಿದರೂ 1972ರ ವನ್ಯಜೀವಿ ಕಾಯ್ದೆಯಡಿ ಕೇಸು.

ಅದೇ ದೋಣಿಯಲ್ಲಿ ಒಬ್ಬ ಟೀಚರ್ ಇದ್ದರು. ‘ಈಜು ಬರೋದಿಲ್ಲ’ ಅಂತ ನಿಜ ಹೇಳಿದವರು ಅವರೊಬ್ಬರೇ. ದಡದಲ್ಲೇ ಬಿಟ್ಟು ಹೋಗೋಣ ಅಂದುಕೊಂಡಿದ್ದೆ ನಾನು! ಲೈಫ್ ಜಾಕೆಟ್ ಹಾಕಿ, ರಿಂಗ್ ಹಿಡಿದು, ಮುಖ ಕೆಳಗೆ ಮಾಡಿದವರು ನಲವತ್ತು ನಿಮಿಷ ಎತ್ತಲೇ ಇಲ್ಲ. ಮೇಲೆ ಬಂದು, “ಯಾರೋ ಹುರಗಡಲಿ ಕಟಂ ಕಟಂ ತಿಂದಂಗ ಸಪ್ಪಳ ಬರ್ತದಲ್ರೀ” ಅಂದರು. ಗಿಳಿಮೀನು ಹವಳದ ಮೇಲಿನ ಪಾಚಿ ಕೆರೆದು ತಿನ್ನುವ ಸಪ್ಪಳ ಅದು. ಅಷ್ಟು ಸಲ ಹೋಗಿ ಬಂದ ನನಗೇ ಅದು ಕೇಳಿರಲಿಲ್ಲ.

ಈಗ ಆಫೀಸಿನ ಟೇಬಲ್ ಮೇಲೆ ಒಂದು ಪ್ಲಾಸ್ಟಿಕ್ ಟಬ್ ಇದೆ. ಅಡ್ವಾನ್ಸ್ ಕೊಡೋ ಮೊದಲು ಮಾಸ್ಕು ಹಾಕಿ, ಕೊಳವೆ ಕಚ್ಚಿ, ಅದರಲ್ಲಿ ಮುಖ ಅದ್ದಿ ಐದು ನಿಮಿಷ ಉಸಿರಾಡಬೇಕು. ಗಾಜಿಗೆ ಮಂಜು ಕಟ್ಟದಂತೆ ಒಳಗೆ ಉಗುಳಿ ತೊಳೆಯೋದನ್ನೂ ಅಲ್ಲೇ ಕಲಿಸುತ್ತೇನೆ. ಪಕ್ಕದ ಝೆರಾಕ್ಸ್ ಅಂಗಡಿಯವರು ಮೊದಲ ದಿನ ಓಡಿ ಬಂದಿದ್ದರು, ಏನಾಯಿತೋ ಅಂತ. ಕೆಲವರು ಒಂದೇ ನಿಮಿಷಕ್ಕೆ ತಲೆ ಎತ್ತುತ್ತಾರೆ. ಅವರಿಗೆ ಇನ್ನೆರಡು ದಿನ ಬಿಟ್ಟು ಬನ್ನಿ ಅನ್ನುತ್ತೇನೆ. ಬುಕಿಂಗ್ ಒಂದಿಷ್ಟು ಕಡಿಮೆಯಾಗಿದೆ, ಸುಳ್ಳು ಯಾಕೆ ಹೇಳಲಿ.

ಬೀಳಗಿಯ ಹುಡುಗ ಹೋದ ತಿಂಗಳು ಮತ್ತೆ ಬಂದ. ಟಬ್ಬಿನಲ್ಲಿ ಮುಖ ಅದ್ದಿ ಏಳು ನಿಮಿಷ ಕೂತ. “ಮೀಸಿ ಮಾತ್ರ ತಗ್ಯಾಂಗಿಲ್ರೀ” ಅಂದ. ಮಾಸ್ಕು ಸೋರದಂತೆ ಮೀಸೆಗೆ ಹಚ್ಚೋಕೆ ಎದುರಿನ ಮೆಡಿಕಲ್ ಶಾಪಿನಿಂದ ವ್ಯಾಸಲೀನ್ ಡಬ್ಬಿ ತರಿಸಿದೆ.