ಯಾರೂ ಕಟ್ಟದೆ ಉಂಡೆ ಹೆಂಗಾಗುತ್ತೆ?

ರಜೆಗೆ ಹಾಸನಕ್ಕೆ ಬಂದಾಗಲೆಲ್ಲ ಯಾರಾದರೊಬ್ಬರು ನನ್ನ ಕೆಲಸದ ಬಗ್ಗೆ ಕೇಳುತ್ತಾರೆ. ಸಕ್ಕರೆ ಅಂಟಿಸಿದ ಪಾಲಿಪೆಪ್ಟೈಡ್ (ಪ್ರೋಟೀನಿನಲ್ಲಿರುವಂಥ ಅಮೈನೋ ಆಮ್ಲಗಳ ಸರಪಳಿ) ಮಾಡುತ್ತೇನೆ, ನೀರಿಗೆ ಬಿಟ್ಟರೆ ಅವು ತಾವೇ ಸೇರಿ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗುತ್ತವೆ ಅನ್ನುತ್ತೇನೆ. ಈ ಸಲ ದೊಡ್ಡಪ್ಪ ಕೇಳಿದರು, "ಯಾರೂ ಕಟ್ಟದೆ ಉಂಡೆ ಹೆಂಗವ್ವ ಆಗುತ್ತೆ? ಅದಕ್ಕೆ ಸಕ್ಕರೆ ಬೇರೆ ಯಾಕೆ?"

ಕಟ್ಟಿಸುವುದು ನೀರೇ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಕೆಸುವಿನ ಎಲೆ ನೋಡಿರುತ್ತೀರಿ, ಅಲ್ವಾ? ಎಷ್ಟೇ ಮಳೆ ಬಿದ್ದರೂ ಎಲೆ ನೆನೆಯುವುದಿಲ್ಲ, ಹನಿ ಉರುಳಿಹೋಗುತ್ತದೆ. ನಾನು ಮಾಡುವ ಸರಪಳಿಯ ಒಂದು ತುದಿ ಆ ಎಲೆಯ ಹಾಗೆ. ಲ್ಯೂಸಿನ್‌ನಂಥ ಅಮೈನೋ ಆಮ್ಲ ಸೇರಿ ಆದದ್ದು, ನೀರಿಗೆ ಒಗ್ಗದು. ಇನ್ನೊಂದು ತುದಿಯಲ್ಲಿ ಸಕ್ಕರೆ ಗೊಂಚಲು. ಅದು ನೀರಿನ ಜೊತೆ ಚೆನ್ನಾಗಿ ಬೆರೆಯುತ್ತದೆ. ಹಾಗಾಗಿ ನೀರಲ್ಲಿ ಒಗ್ಗದ ತುದಿಗಳೆಲ್ಲ ಒಳಗೆ ಒತ್ತಿಕೊಂಡು ಕೂರುತ್ತವೆ, ಸಕ್ಕರೆ ಹೊರಗೆ ಉಳಿಯುತ್ತದೆ. ಎರಡು ತುದಿಗಳ ಉದ್ದ ಬದಲಿಸಿದರೆ ಗಟ್ಟಿ ಉಂಡೆಯ ಬದಲು ಟೊಳ್ಳು ಚೀಲವೂ ಆಗಬಹುದು.

ಕಷ್ಟ ಇರುವುದು ಸರಪಳಿ ಮಾಡುವುದರಲ್ಲಿ. ಅದಕ್ಕೆ ಬೇಕಾದದ್ದು ಎನ್‌ಸಿಎ ಎಂಬ, ಅಮೈನೋ ಆಮ್ಲದಿಂದ ಮಾಡಿದ ಉಂಗುರದಾಕಾರದ ಅಣು. 1906ರಲ್ಲಿ ಜರ್ಮನಿಯ ಹರ್ಮನ್ ಲಾಯ್ಕ್ಸ್ ಕಂಡುಹಿಡಿದದ್ದು. ಉಂಗುರ ಬಿಚ್ಚಿ ಕಾರ್ಬನ್ ಡೈಆಕ್ಸೈಡ್ ಬಿಟ್ಟು, ಒಂದರ ಹಿಂದೊಂದು ಸೇರುತ್ತಾ ಹೋಗುತ್ತದೆ. ಸರಪಳಿಯ ಉದ್ದ ನಮ್ಮ ಹಿಡಿತಕ್ಕೆ ಸಿಗುವ ಒಂದು ಒಳ್ಳೆಯ ದಾರಿಯನ್ನು 1997ರಲ್ಲಿ ಅಮೆರಿಕದ ವಿಜ್ಞಾನಿ ತಿಮೋತಿ ಡೆಮಿಂಗ್ ತೋರಿಸಿದರು. ಸರಪಳಿ ಕಟ್ಟುವಾಗ ಸಕ್ಕರೆ ಅಡ್ಡ ಬರದಂತೆ ಅದಕ್ಕೆ ಮೊದಲು ಅಸಿಟೈಲ್ ಎಂಬ ಅಣುಗುಂಪಿನ ಗವಸು ಹಾಕುತ್ತೇವೆ, ಸರಪಳಿ ಆದ ಮೇಲೆ ಹೈಡ್ರಜೀನ್ ಎಂಬ ರಾಸಾಯನಿಕ ಹಾಕಿ ಕಳಚುತ್ತೇವೆ. ಕೊನೆಗೆ ನೀರಲ್ಲೇ ಇರಬೇಕಾದ ಈ ವಸ್ತುವಿಗೆ ಶುರುವಿನಲ್ಲಿ ಒಂಚೂರು ತೇವವೂ ಆಗದು. ಒಂದು ಜೂನ್‌ನಲ್ಲಿ ಶೀಶೆಯ ಮುಚ್ಚಳ ಸರಿಯಾಗಿ ಬಿಗಿಯಲಿಲ್ಲ. ಮೂರು ವಾರದ ಕೆಲಸ ಹಾಳಾಯಿತು. ಅವತ್ತು ಅತ್ತುಬಿಟ್ಟೆ.

ಆದರೆ ಕೊನೆಯ ಹಂತ ನನಗೆ ಬಲು ಇಷ್ಟ. ಡಿಎಂಎಫ್ ಎಂಬ ದ್ರಾವಕದಲ್ಲಿ ಕರಗಿಸಿದ ಸರಪಳಿಗೆ ನೀರು ಹನಿಹನಿಯಾಗಿ ಬಿಡುತ್ತೇನೆ. ಮೊದಲು ಏನೂ ಕಾಣುವುದಿಲ್ಲ. ಇನ್ನೂ ನಾಲ್ಕು ಹನಿ. ಶೀಶೆಯನ್ನು ಕಿಟಕಿಗೆ ಹಿಡಿದರೆ ತೆಳುವಾದ ನೀಲಿ ಛಾಯೆ. ಅಜ್ಜಿಯ ಅಡುಗೆಮನೆಯಲ್ಲಿ ಒಲೆಯ ಹೊಗೆಗೆ ಬೆಳಗಿನ ಬಿಸಿಲು ಬಿದ್ದಾಗ ಕಾಣುತ್ತಿದ್ದ ನೀಲಿಯೇ ಅದು. ಸಣ್ಣ ಕಣಗಳು ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತವೆ. ಉಂಡೆ ಕಟ್ಟಿತು ಅಂತ ಗೊತ್ತಾಗುವುದು ಹಾಗೆ.

ಇನ್ನು ಸಕ್ಕರೆ ಯಾಕೆ? ದೊಡ್ಡಪ್ಪನಿಗೆ ಹುರುಳಿಕಾಳು ತೋರಿಸಿದೆ. ಅದರಲ್ಲಿ ಲೆಕ್ಟಿನ್ ಎಂಬ ಪ್ರೋಟೀನ್ ಇದೆ. ಅದು ಎ ರಕ್ತಗುಂಪಿನ ಎ1 ಎಂಬ ಒಳಗುಂಪಿನ ಕೆಂಪು ರಕ್ತಕಣಗಳ ಮೈಮೇಲಿನ ಸಕ್ಕರೆಯನ್ನು ಗುರುತು ಹಿಡಿದು, ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಎ1, ಎ2 ಬೇರೆ ಮಾಡಲು ರಕ್ತನಿಧಿಗಳಲ್ಲಿ ಇದನ್ನು ಬಳಸುತ್ತಾರೆ. (ಬೇಯಿಸಿದರೆ ಲೆಕ್ಟಿನ್ ಕೆಡುತ್ತದೆ, ಹುರುಳಿ ಸಾರಿಗೆ ಭಯ ಬೇಡ.) ಎ, ಬಿ ಅಂತ ನಾವು ಹೇಳುವ ಗುಂಪುಗಳ ವ್ಯತ್ಯಾಸವೇ ಒಂದು ಸಕ್ಕರೆಯದ್ದು. ಜೀವಕೋಶಗಳು ಸಕ್ಕರೆ ನೋಡಿ ಗುರುತು ಹಿಡಿಯುತ್ತವೆ. ಒಂದೇ ಸಕ್ಕರೆಯಾದರೆ ಹಿಡಿತ ಸಡಿಲ. ಒಂದು ಉಂಡೆಯ ಮೈತುಂಬ ಇದ್ದರೆ ಬಿಗಿ.

ಯಕೃತ್ತಿನ ಜೀವಕೋಶಗಳು ಗ್ಯಾಲಕ್ಟೋಸ್ ಹಿಡಿಯುತ್ತವೆ. ಒಳಗೆ ಔಷಧ, ಹೊರಗೆ ಗ್ಯಾಲಕ್ಟೋಸ್ ಇರುವ ಉಂಡೆ ಮಾಡಿದರೆ ಔಷಧ ಅಲ್ಲಿಗೇ ಹೆಚ್ಚು ತಲುಪಲಿ ಅನ್ನುವುದು ನಮ್ಮ ಆಸೆ. ಅಂಥ ಒಂದು ಶೀಶೆ ನನ್ನ ಮೇಜಿನ ಮೇಲಿದೆ. ಸೋಮವಾರ ಹೋಗಿ ಮೊದಲು ಅದನ್ನೇ ಕಿಟಕಿಗೆ ಹಿಡಿದು ನೋಡಬೇಕು.