ಕಥೋಲಿಕ ಶಾಲೆಯಲ್ಲಿ ಬೈಬಲ್ ಬಿಟ್ಟರೆ ಬೇರೇನಿದೆ?

"ಟೀಚರ್, ನಿಮ್ಮ ಕಥೋಲಿಕ ಶಾಲೆಯಲ್ಲಿ ಬೈಬಲ್ ಬಿಟ್ಟರೆ ವಿಶೇಷ ಏನಿದೆ? ಪಾಠ ಪುಸ್ತಕ ಎಲ್ಲ ಕಡೆ ಒಂದೇ ಅಲ್ವಾ?" ಮಗುವನ್ನು ಸೇರಿಸಲು ಬರುವ ತಂದೆತಾಯಂದಿರು ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲೂ ಕೇಳಿದವರಿದ್ದಾರೆ.

ಪುಸ್ತಕ ಒಂದೇ, ನಿಜ. ಬೇರೆ ಇರಬೇಕಾದದ್ದು ಒಂದು ಪ್ರಶ್ನೆಗೆ ಶಾಲೆ ಕೊಡುವ ಉತ್ತರ: ಎದುರಿಗೆ ಕೂತಿರುವ ಈ ಮಗು ಯಾರು?

ಆರನೇ ಶತಮಾನದಲ್ಲಿ ರೋಮಿನ ಬೊಯೆಥಿಯಸ್ ಎಂಬ ಪಂಡಿತ 'ವ್ಯಕ್ತಿ' ಅಂದರೆ ಯಾರೆಂದು ಬರೆದಿಟ್ಟ. ವಿವೇಚಿಸುವ ಸ್ವಭಾವದ, ಮತ್ತೊಂದರ ತುಂಡಲ್ಲದ ಒಂದು ಜೀವ. ಹದಿಮೂರನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಎಂಬ ಕಥೋಲಿಕ ಧರ್ಮಪಂಡಿತ ಅದನ್ನೇ ಎತ್ತಿಕೊಂಡು, ಇಡೀ ಸೃಷ್ಟಿಯಲ್ಲಿ ವ್ಯಕ್ತಿಗಿಂತ ಪರಿಪೂರ್ಣವಾದದ್ದಿಲ್ಲ ಎಂದ. ಇಲ್ಲಿ ತುಂಬ ಜನ ಎಡವುತ್ತಾರೆ. ವಿವೇಚನೆ ಅಂದರೆ ಜಾಣತನ, ಮಾರ್ಕ್ಸು ಜಾಸ್ತಿ ಇದ್ದವರು ಜಾಸ್ತಿ ಮನುಷ್ಯರು ಅಂದುಕೊಳ್ಳುತ್ತಾರೆ. ಹಾಗಲ್ಲ. ಆ ಇಬ್ಬರು ಪಂಡಿತರು ಹೇಳಿದ್ದು ಸ್ವಭಾವದ ಮಾತು. ಕೂಡುವ ಲೆಕ್ಕ ಬಾರದ ಮಗುವೂ, ಮಾತೇ ಬಾರದ ಮಗುವೂ ಪೂರ್ತಿ ಮನುಷ್ಯನೇ. ಸುಮ್ನೆ ರ‍್ಯಾಂಕ್ ಪಟ್ಟಿಯ ಒಂದು ಸಾಲಲ್ಲ, ಅಪ್ಪನ ಆಸೆ ತೀರಿಸುವ ಸಾಧನವೂ ಅಲ್ಲ.

ಜಗತ್ತಿನ ಕಥೋಲಿಕ ಬಿಷಪರು ಸೇರಿ ನಡೆಸಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಶಿಕ್ಷಣದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಮನುಷ್ಯರಾಗಿ ಹುಟ್ಟಿದ ಎಲ್ಲರಿಗೂ ಶಿಕ್ಷಣದ ಹಕ್ಕಿದೆ ಎಂದು ಅದು ಶುರುವಿನಲ್ಲೇ ಹೇಳುತ್ತದೆ. ಬಡವರು, ಮನೆಯವರ ಆಸರೆ ಇಲ್ಲದವರು, ನಮ್ಮ ನಂಬಿಕೆಗೆ ಸೇರದವರು, ಇವರ ಕಡೆ ಹೆಚ್ಚು ಗಮನ ಇರಲಿ ಎಂದೂ ಹೇಳುತ್ತದೆ. ಬೈಬಲ್ ಬಿಟ್ಟರೆ ಏನು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಸಾಲನ್ನೇ.

ಮಂಗಳೂರಿನಲ್ಲಿ ಯೇಸುಸಭೆಯವರು, ಅಂದರೆ ಜೆಸುಯಿಟ್ ಪಾದ್ರಿಗಳು, 1880ರಲ್ಲಿ ಶುರುಮಾಡಿದ ಕಾಲೇಜಿಗೆ ಸಂತ ಅಲೋಶಿಯಸ್ ಹೆಸರಿದೆ. ಅವನು ದೊಡ್ಡ ಪಂಡಿತನಾಗಿ ಹೆಸರು ಮಾಡಿದವನಲ್ಲ. ರೋಮಿನಲ್ಲಿ ಪ್ಲೇಗು ರೋಗಿಗಳ ಆರೈಕೆ ಮಾಡುತ್ತಾ ಕಾಯಿಲೆ ಅಂಟಿ 1591ರಲ್ಲಿ ತೀರಿಕೊಂಡ, ಇಪ್ಪತ್ತಮೂರು ವರ್ಷದ ಹುಡುಗ. ಒಂದು ಕಾಲೇಜು ಇಂಥವನ ಹೆಸರಿಟ್ಟುಕೊಳ್ಳುವುದು ನನಗೆ ಬಹಳ ಇಷ್ಟ.

ಹಾಗಂತ ನಮ್ಮ ಶಾಲೆಗಳೆಲ್ಲ ಈ ಮಾತಿಗೆ ತಕ್ಕಂತೆ ನಡೆಯುತ್ತವೆಯೇ? ಇಲ್ಲ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ, ಕಥೋಲಿಕ ಶಾಲೆಯೇ, ಫೀಸು ಬಾಕಿ ಎಂದು ನನ್ನ ಹಾಲ್ ಟಿಕೆಟ್ ತಡೆದಿತ್ತು. ಆಫೀಸಿನ ಕಿಟಕಿ ಎದುರು ಅಮ್ಮ ಸೆರಗಿನ ಗಂಟು ಬಿಚ್ಚಿ ಮಡಚಿದ ನೋಟುಗಳನ್ನು ಎಣಿಸಿದರು. ಸಾಲಲಿಲ್ಲ. ಒಳಗಿದ್ದವರು ತಲೆ ಎತ್ತದೆ, "ಮೂವತ್ತೆರಡು, ಪಕ್ಕಕ್ಕೆ ನಿಲ್ಲು" ಎಂದರು. ಅದು ನನ್ನ ರೋಲ್ ನಂಬರು. ಅವರ ಹಿಂದಿನ ಗೋಡೆಯಲ್ಲಿ ಶಿಲುಬೆ ಇತ್ತು.

ಆಗ ಆ ದಾರಿಯಲ್ಲಿ ಬಂದ ವಯಸ್ಸಾದ ಸಿಸ್ಟರ್ ಒಬ್ಬರು ನನ್ನ ಹೆಸರು ಹಿಡಿದು ಕರೆದರು. "ಊಟ ಆಯ್ತಾ ಮಗಾ?" ಎಂದು ಕೇಳಿ, ಆಮೇಲೆ ಕಿಟಕಿಯ ಕಡೆ ತಿರುಗಿದರು.

ಶಾಲೆ ನೋಡಲು ಹೋದಾಗ ರಿಸಲ್ಟ್ ಬೋರ್ಡನ್ನು ಆಮೇಲೆ ಓದಿ. ಮೊದಲು ಆಫೀಸಿನ ಕಿಟಕಿ ಹತ್ತಿರ ಅರ್ಧ ಗಂಟೆ ಕೂತಿರಿ.